ಬೀಗ ತೆಗೆಸಲು ಕೊಟ್ಟ ಹಣ ದಾನವಲ್ಲ!



ಹಳೇ ಮಾಲೀಕನ ಬಾಕಿ ಕಟ್ಟದೆ ಅಂಗಡಿಯ ಬೀಗ ತೆಗೆಯುವುದಿಲ್ಲ ಎನ್ನುವವನು ಒಬ್ಬ. ಅಣ್ಣನ ಸಾಲಕ್ಕೆ ತಮ್ಮನ ಪಾಲಿನ ಮನೆಯನ್ನು ಜಪ್ತಿ ಮಾಡಿಸುವವನು ಇನ್ನೊಬ್ಬ. ಕರಾರಿನಲ್ಲಿಲ್ಲದ ಹಣ ಇಡುವ ತನಕ ಮೂಲಪತ್ರ ಕೊಡೆನೆನ್ನುವವನು ಮತ್ತೊಬ್ಬ. ಆಗ ನಾವು ಮಾಡುವುದೇನು? ಹೆಂಡತಿಯ ಸರ ಗಿರವಿ ಇಟ್ಟು ದುಡ್ಡು ಎಣಿಸಿ ಕೊಡುತ್ತೇವೆ. ‘ಹೋಗಲಿ, ಪೀಡೆ ತೊಲಗಿತು’ ಎಂದು ಸುಮ್ಮನಾಗುತ್ತೇವೆ.

ಆ ‘ಹೋಗಲಿ’ ಎಂಬ ಮಾತೇ ಅವರ ಬಂಡವಾಳ!

ಕಾನೂನು ಹಾಗೆ ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆ ತೆಗೆದು 72ನೇ ಕಲಮು ನೋಡಿ. ತಪ್ಪು ತಿಳಿವಳಿಕೆಯಿಂದಾಗಲಿ, ಬಲವಂತದಿಂದಾಗಲಿ ಕೊಟ್ಟ ಹಣವನ್ನು ಪಡೆದವನು ಹಿಂದಿರುಗಿಸಲೇಬೇಕು.

ಬಲವಂತವೆಂದರೆ ಕುತ್ತಿಗೆಗೆ ಚಾಕು ಹಿಡಿಯುವುದು ಮಾತ್ರವೇ? ಅಲ್ಲ. ಬೇರೊಬ್ಬರ ಮೇಲಿನ ಡಿಕ್ರಿಗೆ ತನ್ನ ಆಸ್ತಿಯನ್ನು ಬ್ಯಾಂಕು ಜಪ್ತಿ ಮಾಡಿಸಿದೆ ಎಂಬುದು ಕನ್ಹಯ್ಯಾ ಲಾಲ್ ಎಂಬುವರ ದೂರು. ಜಪ್ತಿ ಬಿಡಿಸಿಕೊಳ್ಳಲು ಅವರು ತಕರಾರು ಹೇಳಿಯೇ ಹಣ ಕಟ್ಟಿದರು, ಆಮೇಲೆ ವಾಪಸ್ ಕೇಳಿ ದಾವೆ ಹೂಡಿದರು. 1913ರಲ್ಲಿ ಅಂದಿನ ಪರಮೋಚ್ಚ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್, ಇಂಥ ದಾವೆ ನಡೆಯುತ್ತದೆ ಎಂದಿತು. ಅದೇ ಕಾಯ್ದೆಯ 15ನೇ ಕಲಮಿನಲ್ಲಿ ಬಲವಂತಕ್ಕೆ ಕೊಟ್ಟಿರುವ ಇಕ್ಕಟ್ಟಿನ ಅರ್ಥ 72ನೇ ಕಲಮನ್ನು ಕಟ್ಟಿಹಾಕುವುದಿಲ್ಲ ಎಂದೂ ಹೇಳಿತು. ನೂರು ವರ್ಷ ದಾಟಿದ ಈ ಮಾತು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನನ್ನ ಪ್ರೆಸ್ಸಿದ್ದ ಕಟ್ಟಡ ಒಮ್ಮೆ ಕೈಬದಲಾಯಿತು. ಹಳೇ ಮಾಲೀಕ ಕೊಡಬೇಕಿದ್ದ ದುಡ್ಡಿಗೆ ಹೊಸಬ ನನ್ನ ಬಾಗಿಲಿಗೆ ಬೀಗ ಜಡಿದ. ಒಳಗೆ ಮೂರು ಮದುವೆಯ ಲಗ್ನಪತ್ರಿಕೆ. ಮುಹೂರ್ತ ಕೋರ್ಟಿನ ವಾಯಿದೆಗೆ ಕಾಯುತ್ತದೆಯೇ? ಕಟ್ಟಿದೆ. ಆದರೆ ರಸೀದಿಯ ಮೇಲೆ ‘ಈ ಹಣ ನಾನು ಕೊಡಬೇಕಾದುದಲ್ಲ, ಬೀಗ ತೆಗೆಸಲು ತಕರಾರಿನೊಡನೆ ಕೊಟ್ಟಿದ್ದೇನೆ’ ಎಂದು ಬರೆದೇ ಸಹಿ ಹಾಕಿದೆ. ಅದರ ನಕಲು ಲಗತ್ತಿಸಿ ವಕೀಲರ ನೋಟೀಸು ಹೋದ ಮೇಲೆ ದುಡ್ಡು ಎರಡು ಕಂತಿನಲ್ಲಿ ಬಂತು. ಇಪ್ಪತ್ತು ವರ್ಷದಿಂದ ರಸೀದಿ ಪುಸ್ತಕ ಅಚ್ಚು ಹಾಕುತ್ತಿರುವ ನಾನು ಹೇಳುತ್ತೇನೆ, ಅಚ್ಚಾದ ಹತ್ತು ಸಾಲಿಗಿಂತ ಕೈಯಲ್ಲಿ ಬರೆದ ಆ ಒಂದು ಸಾಲಿಗೆ ಬೆಲೆ ಹೆಚ್ಚು!

ಆದ್ದರಿಂದ ನೆನಪಿಡಿ. ನಗದು ಬೇಡ, ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಡಿ. ರಸೀದಿಯಲ್ಲಿ ತಕರಾರು ಬರೆಯಲು ಬಿಡದಿದ್ದರೆ ಅಂದೇ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆಯ ಚೀಟಿ ಜೋಪಾನ ಮಾಡಿ. ‘ಪೂರ್ಣ ಚುಕ್ತಾ, ಇನ್ನು ಯಾವ ಹಕ್ಕೂ ಇಲ್ಲ’ ಎಂದು ಬರೆದ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ದಾವೆಗೆ ಸಾಮಾನ್ಯವಾಗಿ ಇರುವ ಕಾಲಮಿತಿ ಮೂರೇ ವರ್ಷ.

ಒಂದು ಎಚ್ಚರಿಕೆಯೂ ಇರಲಿ. ‘ತಕರಾರು’ ಎಂದು ಬರೆದ ಮಾತ್ರಕ್ಕೆ ಹಣ ಬರುವುದಿಲ್ಲ. ಅದು ನಾವು ಕೊಡಬೇಕಾದ ಹಣವಲ್ಲ, ಕೊಡದೆ ಗತ್ಯಂತರವಿರಲಿಲ್ಲ ಎಂಬ ಎರಡನ್ನೂ ತೋರಿಸಬೇಕು. ಜಗಳ ಮುಗಿಯಲೆಂದು ಮನಸಾರೆ ರಾಜಿಯಾಗಿ ಕೊಟ್ಟಿದ್ದರೆ ಅದು ರಾಜಿಯೇ. ನ್ಯಾಯವಾದ ಬಾಕಿ ಉಳಿಸಿಕೊಂಡವರಿಗೆ ಈ ಕಲಮು ರಕ್ಷೆಯಲ್ಲ, ಆಗಲೂ ಬಾರದು.

ಇನ್ನು, ‘ನನಗೆ ಇಂಗ್ಲಿಷ್ ಬಾರದು, ಏನೆಂದು ಬರೆಯಲಿ’ ಎಂದು ಹಿಂಜರಿಯುವವರಿಗೆ ಒಂದು ಮಾತು. ತಕರಾರನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಯಾವ ಕಾನೂನೂ ಹೇಳಿಲ್ಲ. ನಿಮಗೆ ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕುವುದಕ್ಕಿಂತ, ಅರ್ಥವಾಗುವ ಕನ್ನಡದಲ್ಲಿ ಒಂದು ಸಾಲು ಬರೆಯುವುದು ಮೇಲು.

ಬಂಧುಗಳೇ, ಇಕ್ಕಟ್ಟಿಗೆ ಸಿಕ್ಕಾಗ ದುಡ್ಡು ಕೊಡುವುದು ಹೇಡಿತನವಲ್ಲ. ಕೊಟ್ಟು ಬಾಯಿ ಮುಚ್ಚಿಕೊಂಡರೆ ಮುಂದಿನ ಬೀಗ ನಿಮ್ಮ ಪಕ್ಕದ ಮನೆಗೆ! ಕೊಡಬೇಕಾಗಿ ಬಂದರೆ ಕೊಡಿ, ಬರೆದು ಕೊಡಿ, ವಾಪಸ್ ಕೇಳಿ!