ಪಡಸಾಲೆಯ ಬ್ಯಾರಲ್‌ಗೆ ಹೊಣೆ ಯಾರು?

ಧಾರವಾಡ ಜಿಲ್ಲೆಯ ಹಳ್ಳಿಯ ಮನೆಗಳಲ್ಲಿ ಒಂದು ಕಾಲಕ್ಕೆ ಇಂಧನವೆಂದರೆ ಕಟ್ಟಿಗೆ, ಕುಳ್ಳು ಮತ್ತು ಮೂಲೆಯಲ್ಲೊಂದು ಚಿಮಣಿ ಎಣ್ಣೆಯ ಡಬ್ಬಿ. ಇಂದು ಅನೇಕ ಮನೆಗಳಲ್ಲಿ ಆ ಮೂಲೆಯನ್ನು 200 ಲೀಟರಿನ ಡೀಸೆಲ್ ಬ್ಯಾರಲ್ ಆಕ್ರಮಿಸಿದೆ. ಇದಕ್ಕೆ ರೈತನನ್ನು ದೂಷಿಸಿ ಫಲವಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯಲ್ಲಿ ಹದ ಬಂದಾಗಲೇ ಬಿತ್ತಬೇಕು. ಆ ಹದ ಕೆಲವೇ ದಿನಗಳದು. ಅಂಥ ದಿನ ಟ್ರ್ಯಾಕ್ಟರನ್ನು ಹೊಲದಲ್ಲಿ ನಿಲ್ಲಿಸಿ ಎಣ್ಣೆಗಾಗಿ ದೂರದ ಬಂಕಿಗೆ ಓಡುವುದು ಆಗದ ಮಾತು. ಹಳ್ಳದಿಂದ ನೀರೆತ್ತುವ ಇಂಜಿನ್ನಿಗೂ, ರಾಶಿಯ ಯಂತ್ರಕ್ಕೂ ಎಣ್ಣೆ ಬೇಕು. ಮನೆಗಳ ಮಾತು ಹೀಗಾದರೆ, ಆಸ್ಪತ್ರೆ, ಬ್ಯಾಂಕು, ವಸತಿನಿಲಯ, ಕಲ್ಯಾಣಮಂಟಪ, ಹತ್ತಿಯ ಜಿನ್ನು, ಮೊಬೈಲ್ ಗೋಪುರ ಇವೆಲ್ಲವುಗಳ ಜನರೇಟರ್ ಕೋಣೆಗಳಲ್ಲಿಯೂ ಡೀಸೆಲ್ ಸಂಗ್ರಹವಿದೆ.

ಆದುದರಿಂದ ಕಟ್ಟಡಗಳಲ್ಲಿ ಎಣ್ಣೆ ಇಡಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಇಟ್ಟ ಎಣ್ಣೆಯನ್ನು ದಿನವೂ ನೋಡುವವರು ಯಾರು ಎಂಬುದೇ ಪ್ರಶ್ನೆ. ಹೆಚ್ಚಿನ ಕಡೆ ಅದಕ್ಕೆ ಉತ್ತರವಿಲ್ಲ.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ತಿಳಿಯಬೇಕು. 1934ರ ಪೆಟ್ರೋಲಿಯಂ ಅಧಿನಿಯಮವು ಎಣ್ಣೆಗಳನ್ನು ಅವುಗಳ ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯ ಮೇಲೆ ಮೂರು ವರ್ಗಗಳಾಗಿ ವಿಂಗಡಿಸುತ್ತದೆ. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೊತ್ತುವ ಪೆಟ್ರೋಲಿನಂಥವು 'ಎ' ವರ್ಗ. 23ರಿಂದ 65 ಡಿಗ್ರಿಯ ಒಳಗಿನ ಡೀಸೆಲ್ ಮತ್ತು ಚಿಮಣಿ ಎಣ್ಣೆ 'ಬಿ' ವರ್ಗ. ಅದಕ್ಕೂ ಮೇಲೆ 93 ಡಿಗ್ರಿಯವರೆಗಿನ ಭಾರವಾದ ಕುಲುಮೆ ಎಣ್ಣೆಗಳು 'ಸಿ' ವರ್ಗ. ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರು ಮೀರದಂತೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಾಗದಂತೆ 'ಬಿ' ವರ್ಗದ ಎಣ್ಣೆಯನ್ನು ಇಟ್ಟರೆ ಪರವಾನಗಿ ಬೇಕಿಲ್ಲ. ಪೆಟ್ರೋಲನ್ನಾದರೋ ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ 30 ಲೀಟರಿನವರೆಗೆ ಮಾತ್ರ ಹೀಗೆ ಇಡಬಹುದು. ಅದೂ ಭದ್ರವಾದ ಮುಚ್ಚಳವುಳ್ಳ ಪಾತ್ರೆಯಲ್ಲಿ. ಗಾಜಿನದಾದರೆ ಒಂದು ಲೀಟರು, ಲೋಹದ್ದಾದರೆ 25 ಲೀಟರು ಅದರ ಮಿತಿ. ಕಿರಾಣಿ ಅಂಗಡಿಯ ಮುಂದೆ ನೀರಿನ ಬಾಟಲಿಗಳಲ್ಲಿ ತೂಗುಹಾಕಿ ಮಾರುವ ಪೆಟ್ರೋಲಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಹೀಗಾಗಿ ಹಳ್ಳಿಯ ಬಹುತೇಕ ಡೀಸೆಲ್ ಸಂಗ್ರಹ ಪರವಾನಗಿಯ ಹೊರಗಿದೆ. ಸಾವಿರಾರು ರೈತರನ್ನು ಕಚೇರಿಗೆ ಅಲೆಸದೆ ಇರಲು ಇದು ವಿವೇಕದ ಏರ್ಪಾಡೇ ಸರಿ. ಆದರೆ ಪರವಾನಗಿಯಿಂದ ವಿನಾಯಿತಿ ಎಂದರೆ ಎಚ್ಚರಿಕೆಯಿಂದ ವಿನಾಯಿತಿ ಎಂದು ಅರ್ಥಮಾಡಿಕೊಂಡಿರುವುದೇ ಅಪಾಯದ ಮೂಲ. ಅಧಿಕಾರಿ ಬಾರದ ಕಡೆ ಮನೆಯವನೂ ನೋಡದಿದ್ದರೆ ಆ ಎಣ್ಣೆಗೆ ಕಾವಲೇ ಇಲ್ಲ.

ಡೀಸೆಲ್ ಸುಲಭವಾಗಿ ಹೊತ್ತುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧಸತ್ಯ. ಭಾರತೀಯ ಮಾನಕದ ಪ್ರಕಾರ ಡೀಸೆಲ್ಲಿನ ಹೊತ್ತುವ ಬಿಂದು ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ತಗಡಿನ ಚಾವಣಿಯ ಕೋಣೆಯ ಬಿಸಿ ಇದನ್ನು ಮೀರುವುದು ಅಪರೂಪವಲ್ಲ. ಬೆಲೆಗಾಗಿ ಕಾದು ಹತ್ತಿಯನ್ನು ಮನೆಯಲ್ಲಿಯೇ ಒಟ್ಟುವ ಪದ್ಧತಿ ಈ ಸೀಮೆಯಲ್ಲಿದೆ. ಹತ್ತಿಯ ಎಳೆಯಲ್ಲಿ ಹೀರಿಕೊಂಡ ಡೀಸೆಲ್ ದೀಪದ ಬತ್ತಿಯಂತೆ ವರ್ತಿಸುತ್ತದೆ. ತಣ್ಣಗಿರುವಾಗಲೂ ಕಡ್ಡಿ ಸೋಕಿದರೆ ಉರಿಯುತ್ತದೆ. ಬ್ಯಾರಲ್ಲಿನ ಪಕ್ಕದಲ್ಲಿ ಹತ್ತಿಯ ರಾಶಿ, ಮೇಲೆ ಹಳೆಯ ವಿದ್ಯುತ್ ತಂತಿ, ಗೋಡೆಯಾಚೆ ಅಡುಗೆಯ ಒಲೆ ಇರುವ ಮನೆಯಲ್ಲಿ ವರ್ಷದ ದುಡಿಮೆಯೂ ಜೀವವೂ ಒಂದೇ ಕಿಡಿಯ ದೂರದಲ್ಲಿರುತ್ತವೆ.

ಬೆಂಕಿಯಾದರೆ ಎಲ್ಲರಿಗೂ ಕಾಣುತ್ತದೆ. ಸೋರಿಕೆ ಕಾಣುವುದಿಲ್ಲ. ಎರೆಭೂಮಿಯ ಸ್ವಭಾವವನ್ನು ಬಲ್ಲವರಿಗೆ ಇದರ ಗಂಭೀರತೆ ತಿಳಿಯುತ್ತದೆ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಅಗಲವಾಗಿ, ಆಳವಾಗಿ ಬಿರಿಯುತ್ತದೆ. ಈ ಉಬ್ಬು-ಕುಗ್ಗಿನ ಬಲಕ್ಕೆ ಮನೆಯ ನೆಲವೇ ಸೀಳುತ್ತದೆ. ತೊಟ್ಟಿಯ ಅಡಿಗಟ್ಟು ವಾಲುತ್ತದೆ. ಕೊಳವೆಯ ಸಂದು ಸಡಿಲುತ್ತದೆ. ಹಸಿಯಾದ ಸವಳು ಜೇಡಿಯಲ್ಲಿ ಹೂತಿಟ್ಟ ಕಬ್ಬಿಣ ಬೇಗನೆ ತುಕ್ಕು ಹಿಡಿಯುತ್ತದೆ. ಜೇಡಿಮಣ್ಣು ಎಣ್ಣೆಯನ್ನು ತಡೆದು ನಿಲ್ಲಿಸುತ್ತದೆಂಬ ಭರವಸೆ ಮಳೆಗಾಲಕ್ಕೆ ಸ್ವಲ್ಪಮಟ್ಟಿಗೆ ನಿಜ. ಬೇಸಗೆಯಲ್ಲಿ ಬಿರುಕುಗಳೇ ಎಣ್ಣೆಗೆ ಕಾಲುವೆಗಳಾಗುತ್ತವೆ. ಎಣ್ಣೆ ಸೇರಿದ ಮಣ್ಣಿನ ಕಣಗಳು ನೀರನ್ನು ದೂರ ತಳ್ಳುತ್ತವೆ. ಆ ಎಣ್ಣೆಯನ್ನು ಕರಗಿಸಲು ಹೊರಟ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಬೆಳೆ ಹಳದಿಯಾಗುತ್ತದೆ. ಗಾಳಿಯಾಡದ ಆಳಕ್ಕಿಳಿದ ಎಣ್ಣೆಯಂತೂ ಬಹುಕಾಲ ಹಾಗೆಯೇ ಉಳಿಯುತ್ತದೆ.

ಇನ್ನು ನೀರಿನ ಮಾತು. ನವಲಗುಂದ ಭಾಗದ ಅಂತರ್ಜಲ ಬಹುಮಟ್ಟಿಗೆ ಸವಳು. ಬೋರು ಕೊರೆದು ಕುಡಿಯುವ ನೀರು ಪಡೆಯುವ ದಾರಿ ಅಲ್ಲಿ ಇಕ್ಕಟ್ಟಿನದು. ನವಲಗುಂದದ ನೀಲಮ್ಮನ ಕೆರೆಯಂಥ ಕೆರೆಗಳು, ಮಲಪ್ರಭೆಯ ಕಾಲುವೆಯಿಂದ ತುಂಬುವ ಊರಕೆರೆಗಳು ಅಲ್ಲಿಯ ಜನರ ಜೀವಾಧಾರ. ಕಳಸಾ–ಬಂಡೂರಿಯ ಹೆಸರಿನಲ್ಲಿ ವರ್ಷಗಟ್ಟಲೆ ನೀರಿಗಾಗಿ ಹೋರಾಡಿದ ನೆಲವಿದು. ಅಲ್ಲಿ ಒಂದು ಕೆರೆ ಕೆಟ್ಟರೆ ಊರಿಗೆ ಎರಡನೆಯ ಕೆರೆಯಿರುವುದಿಲ್ಲ.

ಎಷ್ಟು ಎಣ್ಣೆ ಎಷ್ಟು ನೀರನ್ನು ಕೆಡಿಸಬಲ್ಲದು? ಭಾರತದ ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ದ್ರವ್ಯ ಪ್ರತಿಶತ 1ರವರೆಗೆ ಇರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಬೆಂಜೀನ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಪ್ರತಿಶತ 1ರಂತೆ ಲೆಕ್ಕ ಹಾಕಿದರೆ ಒಂದು ಲೀಟರು ಪೆಟ್ರೋಲಿನಲ್ಲಿ 8ರಿಂದ 9 ಗ್ರಾಂ ಬೆಂಜೀನ್ ಇರುತ್ತದೆ. ಅದಷ್ಟೂ ನೀರಿನಲ್ಲಿ ಕರಗಿದರೆ 8 ಲಕ್ಷ ಲೀಟರಿಗೂ ಹೆಚ್ಚು ನೀರು ಆ ಮಿತಿಯನ್ನು ಮುಟ್ಟುತ್ತದೆ. ಒಂದಷ್ಟು ಆವಿಯಾಗಿ ಹೋಗುವುದು ನಿಜ. ಆದರೂ ಒಂದು ಬಾಟಲಿಯ ಅಸಡ್ಡೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಈ ಲೆಕ್ಕ ಸಾಕು.

ಬೆಣ್ಣಿಹಳ್ಳದ ದಂಡೆಯ ಊರುಗಳಿಗೆ ಇನ್ನೊಂದು ಅಪಾಯವಿದೆ. 2009ರ ಅಕ್ಟೋಬರಿನಲ್ಲಿ, 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕ ಕಂಡ ನೆರೆಯನ್ನು ಯಾರೂ ಮರೆತಿಲ್ಲ. ಡೀಸೆಲ್ ನೀರಿಗಿಂತ ಹಗುರ. ಆದ್ದರಿಂದ ತುಂಬಿದ ಬ್ಯಾರಲ್ ಕೂಡ ನೆರೆಯಲ್ಲಿ ಮುಳುಗುವುದಿಲ್ಲ. ತೇಲಿ, ಉರುಳಿ, ಮುಚ್ಚಳ ಸಡಿಲಿ ಊರೆಲ್ಲಕ್ಕೂ ಎಣ್ಣೆ ಹಂಚುತ್ತದೆ.

ಘಟ್ಟದ ಮೇಲಿನವರಿಗೆ ಇದು ಬಯಲಿನವರ ಸಂಕಟವೆನಿಸಬಹುದು. ಕಲಘಟಗಿಯ ನಕ್ಷೆಯನ್ನು ನೋಡಿದರೆ ಹಾಗೆನಿಸದು. ಬೆಣ್ಣಿಹಳ್ಳ ಮೂಡಲಿಗೆ ಹರಿದು ಮಲಪ್ರಭೆಯನ್ನು ಸೇರಿದರೆ, ಕಲಘಟಗಿಯ ನೀರು ಬೇಡ್ತಿಯಾಗಿ ಪಡುವಲಿಗೆ ಹರಿಯುತ್ತದೆ. ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ಬೇಡ್ತಿಗೆ ಅಣೆಕಟ್ಟು ಬೇಡವೆಂದು ಹೋರಾಡಿದ ಜನ ಅದರ ತಲೆಯಲ್ಲಿರುವ ಜನರೇಟರ್ ಕೋಣೆಗಳ ಕಡೆಗೂ ಕಣ್ಣು ಹಾಯಿಸಬೇಕಾಗಿದೆ.

ಉತ್ತಮ ಯಂತ್ರ ತಂದರೆ ಮೇಲ್ವಿಚಾರಣೆ ತಾನಾಗಿ ಆಗುತ್ತದೆಂದು ಭಾವಿಸುವವರಿಗೆ ಎರಡು ಉದಾಹರಣೆಗಳಿವೆ. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಎಣ್ಣೆ ಸಂಗ್ರಹಾಗಾರ ಸ್ಫೋಟಿಸಿತು. ತೊಟ್ಟಿಯ ಮಟ್ಟ ತೋರಿಸುವ ಮಾಪಕ ಒಂದೆಡೆ ಸಿಕ್ಕಿಕೊಂಡಿತ್ತು. ತುಂಬಿದೊಡನೆ ತಡೆಯಬೇಕಾಗಿದ್ದ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಪೆಟ್ರೋಲು ಉಕ್ಕಿ ಆವಿಯ ಮೋಡವಾಗಿ ಹರಡಿ ಹೊತ್ತಿತು. 40ಕ್ಕೂ ಹೆಚ್ಚು ಜನ ಗಾಯಗೊಂಡರು, ಅಂತರ್ಜಲವೂ ಕೆಟ್ಟಿತು. 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರದ ಎಣ್ಣೆ ಟರ್ಮಿನಲ್ ಹೊತ್ತಿ ಉರಿದು ಜೀವಹಾನಿಯಾಯಿತು. ಕೆಲಸದ ಕ್ರಮವನ್ನು ಬರೆದಿಟ್ಟು ಪಾಲಿಸದಿದ್ದುದು, ದೂರದಿಂದ ಕವಾಟ ಮುಚ್ಚುವ ಏರ್ಪಾಡು ಕೈಕೊಟ್ಟದ್ದು ತನಿಖೆಯಲ್ಲಿ ಹೊರಬಂದ ಕಾರಣಗಳಲ್ಲಿ ಸೇರಿವೆ. ಬೃಹತ್ ಸಂಸ್ಥೆಗಳಲ್ಲಿ ಹೀಗಾದರೆ, ಮಾಪಕವೂ ಇಲ್ಲದ, ವಹಿಯೂ ಇಲ್ಲದ ಹಳ್ಳಿಯ ಜನರೇಟರ್ ಕೋಣೆಯ ಗತಿಯೇನು?

ಸಂಗ್ರಹವನ್ನು ಕಾಯುವ ಶಿಸ್ತು ಈ ಸೀಮೆಗೆ ಅಪರಿಚಿತವೇನಲ್ಲ. ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಿರಿಯರು ಅದರ ಬಾಯಿ ತೆರೆದ ಕೂಡಲೇ ಒಳಗಿಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಕಾಳಿನ ಉಸಿರಾಟದಿಂದ ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆಂಬ ವಿಜ್ಞಾನವನ್ನು ಅವರು ಪುಸ್ತಕದಲ್ಲಿ ಓದಿರಲಿಲ್ಲ; ಆದರೆ ಕ್ರಮ ತಪ್ಪುತ್ತಿರಲಿಲ್ಲ. ಎಣ್ಣೆಗೆ ಇಂಥ ಕ್ರಮ ಇನ್ನೂ ಹುಟ್ಟಿಲ್ಲ. ಹಳೆಯ ಕ್ರಮವನ್ನು ಹಾಗೆಯೇ ತರುವಂತೆಯೂ ಇಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ಹಗೇವು, ಗುಂಡಿ, ಚರಂಡಿಗಳಲ್ಲಿ ಮಡುಗಟ್ಟುತ್ತದೆ. ಅಲ್ಲಿಗೆ ದೀಪ ಒಯ್ದರೆ ಅನಾಹುತ ಖಚಿತ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಬ್ಯಾರಲ್ ವಾಸದ ಮನೆಯಿಂದಲೂ ಕಣಿಕೆಯ ಬಣವೆಯಿಂದಲೂ ಹೊರಗೆ, ನೆರಳೂ ಗಾಳಿಯೂ ಇರುವ ಪ್ರತ್ಯೇಕ ಸ್ಥಳಕ್ಕೆ ಹೋಗಬೇಕು. ಕೆರೆ, ಬಾವಿ, ಹಳ್ಳಗಳ ಕಡೆಗೆ ಇಳಿಜಾರಿರುವ ಜಾಗ ಸಲ್ಲದು. ಬ್ಯಾರಲ್ಲನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ನಿಲ್ಲಿಸಿದರೆ ತಳದ ಸೋರಿಕೆ ಕಣ್ಣಿಗೆ ಬೀಳುತ್ತದೆ. ಸುತ್ತ ಸಿಮೆಂಟಿನ ಗಿಡ್ಡ ಒಡ್ಡು ಕಟ್ಟಬೇಕು. ಇಂಗ್ಲೆಂಡಿನ 2001ರ ನಿಯಮದಂತೆ ತೊಟ್ಟಿಯ ಧಾರಣಶಕ್ತಿಯ ಪ್ರತಿಶತ 110ರಷ್ಟು ಎಣ್ಣೆ ಆ ಒಡ್ಡಿನೊಳಗೆ ನಿಲ್ಲಬೇಕು. ಅಳತೆಗೆ ಅದು ಒಳ್ಳೆಯ ಮಾದರಿ. ನೆರೆ ಬರುವ ಊರಿನಲ್ಲಿ ಬ್ಯಾರಲ್ಲನ್ನು ಎತ್ತರದಲ್ಲಿಟ್ಟು ಸರಪಳಿಯಿಂದ ಬಿಗಿಯಬೇಕು. ಬಿಸಿಲಿಗೆ ಎಣ್ಣೆ ಹಿಗ್ಗುವುದರಿಂದ ಕಂಠಮಟ್ಟ ತುಂಬಬಾರದು. 20 ಡಿಗ್ರಿ ಏರಿದರೆ 200 ಲೀಟರು ಡೀಸೆಲ್ ಮೂರು ಲೀಟರಿಗೂ ಹೆಚ್ಚು ಹಿಗ್ಗುತ್ತದೆ.

ಎರಡನೆಯದಾಗಿ, ಅಳತೆಕಡ್ಡಿ ಮತ್ತು ಒಂದು ವಹಿ. ವಾರಕ್ಕೊಮ್ಮೆ ಮಟ್ಟ ಅಳೆದು, ತಂದದ್ದು ಎಷ್ಟು, ಬಳಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಬರೆದರೆ ಸಾಕು. ಲೆಕ್ಕ ತಾಳೆಯಾಗದಿದ್ದರೆ ಕಳವಾಗಿದೆ, ಇಲ್ಲವೇ ಸೋರಿದೆ. ಆಸ್ಪತ್ರೆ, ಶಾಲೆ, ಬ್ಯಾಂಕುಗಳ ಜನರೇಟರ್ ಕೋಣೆಯ ಬಾಗಿಲ ಮೇಲೆ ಹೊಣೆಗಾರನ ಹೆಸರು ಬರೆದಿರಬೇಕು. ಎಣ್ಣೆ ತುಂಬುವಾಗ ಆತ ಅಲ್ಲಿಯೇ ನಿಂತಿರಬೇಕು. ಮರಳು ತುಂಬಿದ ಬಕೆಟ್ಟು ಅಲ್ಲಿರಬೇಕು. ಉರಿಯುವ ಎಣ್ಣೆಯ ಮೇಲೆ ನೀರು ಸುರಿದರೆ ಎಣ್ಣೆ ತೇಲಿ ಬೆಂಕಿ ಹರಡುತ್ತದೆ.

ಮೂರನೆಯದಾಗಿ, ಖಾಲಿ ಪಾತ್ರೆಯ ಎಚ್ಚರ. ಎಣ್ಣೆ ತೀರಿದ ಬ್ಯಾರಲ್ಲಿನಲ್ಲಿ ಆವಿ ತುಂಬಿರುತ್ತದೆ. ಅದನ್ನು ತೊಳೆಯದೆ ವೆಲ್ಡಿಂಗಿಗೆ ಕೊಡುವುದು ತುಂಬಿದ ಬ್ಯಾರಲ್ಲಿಗಿಂತ ಅಪಾಯಕರ. ಔಷಧಿ ಹೊಡೆಯುವ ಪಂಪಿಗೆಂದು ನೀರಿನ ಬಾಟಲಿಯಲ್ಲಿ ಪೆಟ್ರೋಲು ತುಂಬಿಡುವ ಅಭ್ಯಾಸವನ್ನು ಬಿಡಲೇಬೇಕು. ಮಗು ಅದನ್ನು ಕುಡಿದರೆ ವಾಂತಿ ಮಾಡಿಸಬಾರದು, ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಇದರಿಂದ ಇನ್ನೊಂದು ಇನ್‌ಸ್ಪೆಕ್ಟರರ ಕಾಟ ಹುಟ್ಟುತ್ತದೆಂದು ರೈತರು ಅಂಜುವುದು ಸಹಜ. ಆ ಅಂಜಿಕೆಗೆ ಕಾರಣವೂ ಇದೆ. ಆದುದರಿಂದಲೇ ಈ ಕೆಲಸ ಮೇಲಿನಿಂದ ಬರದೆ ಗ್ರಾಮಸಭೆಯಿಂದ ಆರಂಭವಾಗಬೇಕು. ಊರಿನಲ್ಲಿ ಎಲ್ಲೆಲ್ಲಿ ಎಷ್ಟು ಎಣ್ಣೆಯಿದೆಯೆಂಬ ಪಟ್ಟಿ ಗ್ರಾಮ ಪಂಚಾಯಿತಿಯಲ್ಲಿರಲಿ. ಅದು ದಂಡಕ್ಕಲ್ಲ, ಬೆಂಕಿಯೋ ನೆರೆಯೋ ಬಂದಾಗ ಎಲ್ಲಿಗೆ ಓಡಬೇಕೆಂದು ತಿಳಿಯಲು. ವರ್ಷಕ್ಕೆರಡು ಸಲ, ಮುಂಗಾರಿಗೆ ಮುನ್ನ ಮತ್ತು ಹತ್ತಿ ಮನೆಗೆ ಬರುವ ಮುನ್ನ, ಊರಿನ ನಾಲ್ಕು ಜನ ಸೇರಿ ಬ್ಯಾರಲ್ಲುಗಳನ್ನೂ ಜನರೇಟರ್ ಕೋಣೆಗಳನ್ನೂ ನೋಡಿಬರಲಿ. ಒಡ್ಡು ಕಟ್ಟಲು ಬೇಕಾಗುವುದು ಎರಡು ಚೀಲ ಸಿಮೆಂಟು, ಸ್ವಲ್ಪ ಇಟ್ಟಿಗೆ, ಒಂದು ದಿನದ ಕೆಲಸ. ಕೆರೆಯ ನೀರು ಕೆಟ್ಟರೆ ಅದನ್ನು ತಿದ್ದುವ ಖರ್ಚು ಯಾವ ಪಂಚಾಯಿತಿಯ ಕೈಗೂ ನಿಲುಕದು.