ಹೆಸರೊಂದು, ಮೂಲಿಕೆ ಮೂರು

ಮೊಣಕಾಲು ಬಾತು ಕುಳಿತ ಹಿರಿಯರೊಬ್ಬರು ವೈದ್ಯರ ಚೀಟಿಯನ್ನು ಮೊಮ್ಮಗನ ಕೈಗಿತ್ತು ಯಶವಂತಪುರದ ಗ್ರಂದಿಗೆ ಅಂಗಡಿಗೆ ಅಟ್ಟಿದರೆನ್ನಿ. ಚೀಟಿಯ ಮೊದಲ ಹೆಸರು ರಾಸ್ನೆ. ಹುಡುಗ ತರುವುದು ಶುಂಠಿಯ ದಾಯಾದಿಯಾದ ಘಮಘಮಿಸುವ ಗೆಡ್ಡೆ. ಕನ್ನಡಿಗರು ದುಂಪರಾಸ್ಮಿ ಎನ್ನುವುದು ಇದನ್ನೇ. ಅದೇ ಚೀಟಿಯನ್ನು ಉತ್ತರ ಹಿಂದೂಸ್ಥಾನದಲ್ಲಿ ನೀಡಿದರೆ ಸೇವಂತಿಗೆಯ ಕುಲದ ಬೇರೊಂದು ಗಿಡದ ಎಲೆ ದೊರೆತೀತು. ಬಂಗಾಳದಲ್ಲಾದರೆ ಮರದ ಮೇಲೆ ಬೆಳೆಯುವ ಸೀತಾಳೆಯ ಜಾತಿಯೊಂದರ ಬೇರು. ಮೂರಕ್ಕೂ ರಾಸ್ನೆಯೆಂದೇ ಹೆಸರು. ಮೂರಕ್ಕೂ ಊತವಿಳಿಸುವ ಕೀರ್ತಿ!

ಈ ಕೀರ್ತಿಯನ್ನು ಒರೆಗೆ ಹಚ್ಚುವ ಬಗೆಯೊಂದನ್ನು 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ಅಂಟನ್ನು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಅದು ಊದಿಕೊಳ್ಳುತ್ತದೆ. ಪಾದವನ್ನು ದ್ರವದಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತೆಂಬುದರಿಂದ ಊತವನ್ನು ಅಳೆಯುತ್ತಾರೆ. ಒಂದು ಗುಂಪಿನ ಇಲಿಗಳಿಗೆ ಮೊದಲೇ ಮೂಲಿಕೆಯ ಸಾರ, ಇನ್ನೊಂದಕ್ಕೆ ಇಂಡೊಮೆಥಾಸಿನ್, ಮತ್ತೊಂದಕ್ಕೆ ಔಷಧವಿಲ್ಲದ ಬರಿಯ ದ್ರವ. ಪಾಪ, ಇಲಿಗಳಿಗೆ ಇದರಿಂದ ಸುಖವೇನೂ ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಶ್ರೀಮಲ್ ಮತ್ತು ಧವನ್ ಅವರು 1973ರಲ್ಲಿ ಅರಿಸಿನದ ಕರ್ಕ್ಯುಮಿನ್ನಿನ ಗುಣವನ್ನು ಪ್ರಕಟಿಸಿದ್ದು ಇಂತಹ ಪರೀಕ್ಷೆಗಳ ಬಲದಿಂದಲೇ.

ಅರಿಸಿನದ ಗುರುತಿನ ವಿಷಯದಲ್ಲಿ ಯಾವ ಅಡುಗೆಮನೆಯಲ್ಲಿಯೂ ತಕರಾರಿಲ್ಲ. ರಾಸ್ನೆಗೆ ಆ ಭಾಗ್ಯವೆಲ್ಲಿ? ಉತ್ತರದ ಎಲೆಯ ಸಾರದಿಂದ ಇಲಿಯ ಪಾದದ ಊತ ತಗ್ಗಿದರೆ, ಆ ಫಲ ದುಂಪರಾಸ್ಮಿಗೆ ಸಲ್ಲದು. ಆದಕಾರಣ ಇಲಿಗಿಂತ ಮುಂಚೆ ಗಿಡವೇ ಪರೀಕ್ಷೆಗೆ ಕುಳಿತುಕೊಳ್ಳಬೇಕು. 1993ರಲ್ಲಿ ಹುಟ್ಟಿ ಯಲಹಂಕದ ಬಳಿಯ ಜಾರಕಬಂಡೆ ಕಾವಲಿನಲ್ಲಿ ನೆಲೆಸಿದ ಎಫ್.ಆರ್.ಎಲ್.ಎಚ್.ಟಿ. ಪ್ರತಿಷ್ಠಾನದ ಸಸ್ಯಸಂಗ್ರಹಾಲಯಕ್ಕೆ ಬೆಲೆ ಬಂದಿರುವುದು ಇದರಿಂದಲೇ. ಒತ್ತಿ ಒಣಗಿಸಿ ಹಾಳೆಗಂಟಿಸಿದ ಗಿಡಗಳಲ್ಲದೆ, ಅಂಗಡಿಗಳಲ್ಲಿ ಮಾರುವ ಬೇರು, ತೊಗಟೆಗಳ ಮಾದರಿಗಳೂ ಅಲ್ಲಿವೆ. ಒಣಬೇರಿಗೆ ಹೂವೂ ಇಲ್ಲ, ಎಲೆಯೂ ಇಲ್ಲ. ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಗೊತ್ತಿರುವ ಮಾದರಿಯೊಡನೆ ಹೋಲಿಸಿದಲ್ಲದೆ ಅದರ ಕುಲಗೋತ್ರ ತಿಳಿಯದು.

ಗುರುತು ತಿಳಿದು, ಇಲಿಯ ಪಾದದ ಊತವೂ ಇಳಿಯಿತೆನ್ನೋಣ. ಅದು ಒಂದು ಹಗಲಿನಲ್ಲಿ ಹುಟ್ಟಿದ ಬಾವು. ಹಿರಿಯರ ಮೊಣಕಾಲಿನದು ವರ್ಷಗಳಿಂದ ಬೇರೂರಿದ್ದು. ಮನುಷ್ಯರ ಮೇಲಿನ ಪ್ರಯೋಗವಿಲ್ಲದೆ ಒಂದರಿಂದ ಇನ್ನೊಂದನ್ನು ಊಹಿಸುವಂತಿಲ್ಲ. ಸದ್ಯಕ್ಕೆ ಅವರು ಕಷಾಯವನ್ನು ಒಲೆಗಿಡುವ ಮೊದಲು ಪೊಟ್ಟಣವನ್ನು ಬಿಚ್ಚಿ ವೈದ್ಯರಿಗೆ ತೋರಿಸುವುದು ಲೇಸು. ಡಾಕ್ಟರು ಕೊಟ್ಟ ಮಾತ್ರೆಗಳನ್ನೂ ಜೊತೆಗೆ ನುಂಗುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು.