ಗೃಹಾರೋಗ್ಯ: ಗಜಕರ್ಣಕ್ಕೆ ಯಾವ ಲೇಪ ಯುಕ್ತ?

ಮೈಮೇಲೆ ದುಂಡಗೆ ಎದ್ದು, ಅಂಚು ಕೆಂಪಾಗಿ ಉಬ್ಬಿ, ನಡುಭಾಗ ತಿಳಿಯಾಗುತ್ತ, ದಿನೇ ದಿನೇ ಹಬ್ಬುವ ತುರಿಕೆಯ ಮಚ್ಚೆಯನ್ನು ನಮ್ಮ ಸೀಮೆಯವರು ಹುಳುಕಡ್ಡಿಯೆಂದೂ ಗಜಕರ್ಣವೆಂದೂ ಕರೆಯುವರು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಇದರ ಹೆಸರು ದದ್ರು. ಹುಳುಕಡ್ಡಿಯಲ್ಲಿ ಹುಳುವಿಲ್ಲ. ಹಳಸಿದ ರೊಟ್ಟಿಯ ಮೇಲೆ ಕಟ್ಟುವ ಬೂಷ್ಟಿನಂತೆ ಇದೂ ಒಂದು ಶಿಲೀಂಧ್ರವೇ. ಚರ್ಮದ ಹೊರಪದರವನ್ನು ತಿಂದು ಬೆಳೆಯತಕ್ಕದ್ದು. ಅರಸೀಕೆರೆಯ ಬೇಸಗೆಯ ಬೆವರೂ, ಬೇಲೂರಿನ ಮಳೆಗಾಲದಲ್ಲಿ ಒಣಗದೆ ಉಳಿಯುವ ಬಟ್ಟೆಯ ತೇವವೂ ಇದಕ್ಕೆ ಸಮಾನವಾಗಿ ಹಿತಕರ.

ಈ ವಿಷಯದಲ್ಲಿ ನನ್ನಿಂದ ನಡೆದ ಪ್ರಮಾದವನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದು ಯುಕ್ತವೆಂದು ತೋರುತ್ತದೆ. ಕಳೆದ ವರ್ಷ ನನ್ನ ಮೊಮ್ಮಗನ ಸೊಂಟದಲ್ಲಿ ಇಂತಹ ಒಂದು ಮಚ್ಚೆ ಕಾಣಿಸಿತು. ಅಮರಕೋಶದಲ್ಲಿ ತಗಚೆ ಗಿಡಕ್ಕೆ ದದ್ರುಘ್ನವೆಂಬ ಪರ್ಯಾಯನಾಮವಿರುವುದನ್ನು ನೆನೆದು, ಅದರ ಬೀಜವನ್ನು ನಿಂಬೆರಸದಲ್ಲಿ ಅರೆದು ಹಚ್ಚಿದೆನು. ಮಗುವಿನ ಚರ್ಮ ಉರಿದು ಕೆಂಪಾಯಿತೇ ಹೊರತು ಮಚ್ಚೆ ಮಾಯಲಿಲ್ಲ. ಹೆಸರಿನಲ್ಲಿ ಗುಣ ಹೇಳಿದ ಮಾತ್ರಕ್ಕೆ ಅದೇ ಪ್ರಮಾಣವಾಗದೆಂಬುದು ಆಗ ತಿಳಿಯಿತು.

ಬಳಿಕ ಔಷಧದಂಗಡಿಗೆ ಹೋಗಿ ‘ತುರಿಕೆಗೆ ಒಂದು ಮುಲಾಮು ಕೊಡಿ’ ಎಂದು ಕೇಳಿ ತಂದೆನು. ಮೂರೇ ದಿನಗಳಲ್ಲಿ ತುರಿಕೆ ನಿಂತಿತು, ನಾನು ಹಿಗ್ಗಿದೆನು. ಹಚ್ಚುವುದನ್ನು ಬಿಟ್ಟ ವಾರದೊಳಗೆ ಮಚ್ಚೆ ಇಮ್ಮಡಿಯಾಗಿ ಮರಳಿತು. ಮತ್ತೆ ತಂದೆನು, ಮತ್ತೆ ಹಚ್ಚಿದೆವು. ಹೀಗೆ ಮೂರು ಟ್ಯೂಬುಗಳು ಮುಗಿಯುವ ವೇಳೆಗೆ ರೋಗವು ನನ್ನ ತೊಡೆಗೂ ಹಬ್ಬಿತ್ತು.

ಇದಕ್ಕಿಂತ ದೊಡ್ಡ ಅನರ್ಥವೊಂದು ನನಗೆ ತಿಳಿಯದಂತೆಯೇ ನಡೆದಿತ್ತು. ಚರಕಸಂಹಿತೆಯು ದದ್ರುವನ್ನು ಕುಷ್ಠಗಳಲ್ಲಿ ಎಣಿಸಿದೆಯೆಂದು ನಾನೊಮ್ಮೆ ಊಟದ ಹೊತ್ತಿನಲ್ಲಿ ವಿವರಿಸಿದ್ದೆನು. ಅಲ್ಲಿ ಕುಷ್ಠವೆಂಬುದು ನಾನಾವಿಧ ಚರ್ಮರೋಗಗಳಿಗೆ ಸಾಮಾನ್ಯನಾಮವೆಂಬುದನ್ನು ಹೇಳಲು ಮರೆತೆನು. ತನ್ನ ಬೆನ್ನಿನಲ್ಲಿಯೂ ಮಚ್ಚೆ ಎದ್ದುದನ್ನು ಕಂಡ ನನ್ನ ಸೊಸೆ ಆ ಮಾತಿನಿಂದ ಬೆದರಿ, ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಬೇಲೂರಿನ ತವರಿಗೂ ಹೋಗಲಿಲ್ಲ. ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವುದನ್ನೂ ಬಿಟ್ಟಳು. ಸಂಗತಿ ಹೊರಬಿದ್ದ ದಿನ ನನ್ನ ಮನೆಯವರು, “ನಿಮ್ಮ ಶಬ್ದಾರ್ಥ ಸಾಕು, ನಾಳೆ ಹುಡುಗೀನ ಡಾಕ್ಟರ ಹತ್ತಿರ ಕರಕೊಂಡು ಹೋಗಿ” ಎಂದರು. ಉತ್ತರ ಹೇಳಲು ನನಗೆ ಮುಖವಿರಲಿಲ್ಲ.

ಹಾಸನದ ಚರ್ಮವೈದ್ಯರು ಮಚ್ಚೆಯ ಅಂಚಿನ ಹೊಟ್ಟನ್ನು ಕೆರೆದು, ಕ್ಷಾರದ್ರವದ ಹನಿಯಲ್ಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳನ್ನು ನೋಡಿದರು. ‘ಇದು ಕುಷ್ಠರೋಗವಲ್ಲ, ತಾಯಿ. ಆ ರೋಗದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ, ತುರಿಕೆ ಇರುವುದಿಲ್ಲ’ ಎಂದು ಸೊಸೆಗೆ ಧೈರ್ಯ ಹೇಳಿದರು. ಅನಂತರ ನನ್ನ ಟ್ಯೂಬಿನ ಸಣ್ಣಕ್ಷರಗಳನ್ನು ಓದಿ ತೋರಿಸಿದರು. ಅದರಲ್ಲಿ ಶಿಲೀಂಧ್ರನಾಶಕದ ಜತೆಗೆ ಕ್ಲೊಬೆಟಸಾಲ್ ಎಂಬ ಪ್ರಬಲ ಸ್ಟೀರಾಯ್ಡ್ ಬೆರೆತಿದ್ದಿತು. ಸ್ಟೀರಾಯ್ಡು ಕೆಂಪನ್ನೂ ತುರಿಕೆಯನ್ನೂ ಅಡಗಿಸುವುದರ ಜತೆಗೆ ಚರ್ಮದ ರಕ್ಷಣಾಶಕ್ತಿಯನ್ನೂ ಕುಗ್ಗಿಸುತ್ತದೆ. ಹೊರಗೆ ಶಾಂತಿ, ಒಳಗೆ ಶಿಲೀಂಧ್ರಕ್ಕೆ ಸುಗ್ಗಿ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗಿ, ಅಳಿಯದ ಬರೆಗಳೂ ಬೀಳುವುವು. ಇಂತಹ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರವು 2018ರಲ್ಲಿ ವಿಧಿಸಿದೆ.

ಹಾಗಾದರೆ ಯುಕ್ತವಾದ ಲೇಪ ಯಾವುದು? ಒಂದೆರಡು ಮಚ್ಚೆಗಳಿದ್ದಲ್ಲಿ ಕ್ಲೋಟ್ರಿಮಜೋಲ್, ಮೈಕೊನಜೋಲ್, ಟರ್ಬಿನಫಿನ್ ಮುಂತಾದವುಗಳಲ್ಲಿ ಯಾವುದಾದರೂ ಒಂದು, ಬೇರೇನೂ ಬೆರೆಯದೆ ಒಂದೇ ಆಗಿರಬೇಕು. ಬೆಟಮೆಥಸೋನ್, ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್ ಎಂಬ ಹೆಸರುಗಳು ಕಂಡರೆ ಅದನ್ನು ಕೊಳ್ಳಬಾರದು. ಮಚ್ಚೆಯ ಮೇಲಷ್ಟೇ ಅಲ್ಲದೆ ಸುತ್ತಲೂ ಸುಮಾರು ಒಂದಂಗುಲದವರೆಗೆ ಹಚ್ಚಬೇಕು. ಮಚ್ಚೆ ಮರೆಯಾದ ಮೇಲೂ ಒಂದೆರಡು ವಾರ ಮುಂದುವರಿಸಬೇಕು. ಹಚ್ಚಿದರೂ ಎರಡು ವಾರಗಳಲ್ಲಿ ಇಳಿಮುಖವಾಗದಿದ್ದರೆ, ಬಹಳ ಕಡೆ ಹಬ್ಬಿದ್ದರೆ, ತಲೆಯಲ್ಲಿಯೋ ಉಗುರಿನಲ್ಲಿಯೋ ಇದ್ದರೆ, ಮಧುಮೇಹವಿದ್ದರೆ ವೈದ್ಯರನ್ನೇ ಕಾಣತಕ್ಕದ್ದು. ಆಗ ನುಂಗುವ ಮಾತ್ರೆ ಬೇಕಾಗುವುದುಂಟು. ಅದು ಯಕೃತ್ತಿಗೆ ಸಂಬಂಧಿಸಿದ್ದಾದ್ದರಿಂದಲೂ, ಬಸುರಿಯರಿಗೆ ಸಲ್ಲದ್ದಾದ್ದರಿಂದಲೂ ತಾವೇ ಕೊಂಡು ನುಂಗುವುದು ಅಪಾಯ.

ಮತ್ತೊಂದು ಸಂಗತಿ. ಟರ್ಬಿನಫಿನ್‌ಗೆ ಅನೇಕ ವೇಳೆ ಬಗ್ಗದ ಶಿಲೀಂಧ್ರವೊಂದು ಈಗ ನಮ್ಮ ದೇಶದಲ್ಲಿ ಹರಡಿದೆ. 2020ರಲ್ಲಿ ಅದಕ್ಕೆ ‘ಟ್ರೈಕೊಫೈಟನ್ ಇಂಡೋಟಿನಿಯೆ’ ಎಂದು ನಮ್ಮ ದೇಶದ ಹೆಸರನ್ನೇ ಸೇರಿಸಿ ನಾಮಕರಣವಾಯಿತು. ಆದಕಾರಣ ‘ಪಕ್ಕದ ಮನೆಯವರಿಗೆ ಆದದ್ದು ನಮಗೂ ಆದೀತು’ ಎಂಬ ಮಾತನ್ನು ನೆಚ್ಚಲಾಗದು.

ಔಷಧದಷ್ಟೇ ಮುಖ್ಯವಾದುದು ಮನೆಯ ಶಿಸ್ತು. ಒಬ್ಬೊಬ್ಬರಿಗೆ ಒಂದೊಂದು ಟವೆಲು, ಒಳಉಡುಪು, ಹೊದಿಕೆ ಬೇರೆಯಿರಲಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಬೇಕು. ಬಿಸಿಲಿಲ್ಲದ ದಿನ ಇಸ್ತ್ರಿಯಾದರೂ ಮಾಡಬೇಕು. ಮೈ ಒದ್ದೆಯಾಗಿರಲು ಬಿಡಬಾರದು. ಕರುವಿನ ಮೈಯಲ್ಲಿ ಕೂದಲುದುರಿದ ದುಂಡು ಮಚ್ಚೆಗಳಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ದನದಿಂದಲೂ ಬೆಕ್ಕಿನಿಂದಲೂ ಇದು ಅಂಟುತ್ತದೆ. ಮನೆಯಲ್ಲಿ ಯಾರಿಗೆ ಉಂಟೋ ಅವರೆಲ್ಲರೂ ಒಂದೇ ಕಾಲದಲ್ಲಿ ಚಿಕಿತ್ಸೆ ಪಡೆಯಬೇಕು. ಒಬ್ಬರಲ್ಲಿ ಉಳಿದರೆ ಮತ್ತೆ ಎಲ್ಲರಿಗೂ ಬರುವುದು.

ನಾವು ಮೂವರೂ ಎರಡು ತಿಂಗಳು ಹೀಗೆಯೇ ನಡೆದುಕೊಂಡು ಗುಣಮುಖರಾದೆವು. ಯುಗಾದಿಗೆ ಸೊಸೆ ಮಗುವನ್ನೆತ್ತಿಕೊಂಡು ತವರಿಗೆ ಹೋಗಿಬಂದಳು. ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಟ್ಯೂಬಿನ ಸಣ್ಣಕ್ಷರಗಳನ್ನು ಓದಿರಿ, ಮನೆಯವರ ಎದುರಿನಲ್ಲಿ ರೋಗದ ಹೆಸರನ್ನು ಆಡುವಾಗ ಅದರ ಅರ್ಥವನ್ನೂ ಪೂರ್ತಿ ಹೇಳಿರಿ.